ಅಡುಗೆ ಎಂಬ ಗುಂಪು

ನಾನು ಬ್ರೌಸರ್ ತೆರೆದರೆ ಮೇಲ್ಗಡೆ ಟ್ಯಾಬುಗಳು ಒಂದಕ್ಕೊಂದು ಅಂಟಿಕೊಂಡು, ಹೆಸರೇ ಕಾಣದಷ್ಟು ಸಣ್ಣಗಾಗಿ ನಿಂತಿರುತ್ತಿದ್ದವು. ಯಾವುದನ್ನೂ ಮುಚ್ಚುವ ಧೈರ್ಯ ನನಗಿರಲಿಲ್ಲ. ಇಪ್ಪತ್ತಾರು ವರ್ಷ ವಿಮಾ ಕಚೇರಿಯಲ್ಲಿ ಕ್ಲೇಮ್ ಫೈಲು ನೋಡಿದವನಿಗೆ ಕಾಗದ ಬಿಸಾಡುವುದು ಬರುವುದಿಲ್ಲ. ಒಂದು ಭಾನುವಾರ, ಕಾಲೇಜಿಗೆ ಹೋಗುವ ಮಗಳು ಅದನ್ನು ನೋಡಿ ಹಣೆ ಚಚ್ಚಿಕೊಂಡಳು. “ಅಪ್ಪಾ, ಇದು ಬ್ರೌಸರಾ, ಪಳೈಯ ಪೇಪರ್ ಕಡೈಯಾ?” ಈ ತಮಿಳು ಊರಿನಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಹಳೇ ಪೇಪರ್ ಅಂಗಡಿಯವನು ಅನ್ನಿಸಿಕೊಂಡು, ಕುರ್ಚಿ ಬಿಟ್ಟುಕೊಟ್ಟೆ.

ಅರ್ಧ ಗಂಟೆಯಲ್ಲಿ ಅವಳು ಟ್ಯಾಬುಗಳನ್ನೆಲ್ಲ ಮೇಲಿಂದ ತೆಗೆದು ಎಡಗಡೆ ಉದ್ದಕ್ಕೆ ಪಟ್ಟಿಯಾಗಿ ಜೋಡಿಸಿದಳು. ಒಂದೇ ವಿಷಯದ ಪುಟಗಳನ್ನು ಗುಂಪು ಮಾಡಿ, ಗುಂಪಿಗೊಂದು ಹೆಸರು, ಒಂದು ಬಣ್ಣ ಕೊಡುವುದನ್ನು ತೋರಿಸಿದಳು. ಬಳಸದ ಟ್ಯಾಬು ತಾನಾಗಿ ಮಲಗುತ್ತದಂತೆ, ಮುಟ್ಟಿದರೆ ಏಳುತ್ತದಂತೆ. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಬಹುದಂತೆ. ಒಮ್ಮೆ ಉಳಿಸಿದ ಗುಂಪು ಅದೇ ಖಾತೆಯಿರುವ ಎಲ್ಲ ಫೋನುಗಳಲ್ಲೂ ಕಾಣುತ್ತದೆ, ಒಂದು ಕಡೆ ಬದಲಾದರೆ ಎಲ್ಲ ಕಡೆಯೂ ಬದಲಾಗುತ್ತದೆ ಎಂದೂ ಹೇಳಿದಳು. ನಾನು ಹೂಂಗುಟ್ಟಿದೆ. ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಅವಳ ಫೋನಿನಲ್ಲಿ ಗುಂಪು ಮಾಡುವುದನ್ನು ಹೇಳಿಕೊಟ್ಟಳು. ಆದರೆ ಈ ಖಾತೆಯ ಮಾತು ಬರುವ ಹೊತ್ತಿಗೆ ಹೆಂಡತಿ ಒಗ್ಗರಣೆ ಸೀದೀತೆಂದು ಒಳಗೆ ಎದ್ದುಹೋಗಿದ್ದಳು.

ನಮ್ಮ ಮನೆಗೆಲ್ಲ ಒಂದೇ ಖಾತೆ. ಎಷ್ಟೋ ವರ್ಷದ ಹಿಂದೆ ದಾವಣಗೆರೆಗೆ ರೈಲು ಟಿಕೆಟ್ ಕಾಯ್ದಿರಿಸಲು ತೆರೆದದ್ದು. ಆಮೇಲೆ ಗ್ಯಾಸಿಗೂ ಅದೇ, ಮಗಳ ಶಾಲೆಗೂ ಅದೇ, ಹೆಂಡತಿಗೆ ಫೋನು ಕೊಡಿಸಿದಾಗಲೂ ಅದೇ. ಮನೆಗೊಂದು ರೇಷನ್ ಕಾರ್ಡ್ ಇದ್ದ ಹಾಗೆ. ಮಗಳು ಮಾತ್ರ ಬುದ್ಧಿ ಬಂದ ಕೂಡಲೇ ಬೇರೆ ಖಾತೆ ಮಾಡಿಕೊಂಡು ಪಾರಾಗಿದ್ದಳು.

ಬುಧವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಡಗಡೆ ನಾನು ಮಾಡದ ಒಂದು ಗುಂಪು ಕಂಡಿತು. ಬೂದು ಬಣ್ಣ. ಹೆಸರು ‘ಅಡುಗೆ’. ನಮ್ಮ ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಬೇರೆ ಯಾರೂ ಮುಟ್ಟದ ಹೆಸರು ಅದೊಂದೇ ಎಂದು ನನಗೆ ಹೊಳೆದದ್ದು ಆಮೇಲೆ. ನನ್ನ ‘ರೈಲು’ ಗುಂಪನ್ನು ಒತ್ತಲು ಹೋಗಿ ಕೈತಪ್ಪಿ ಅದನ್ನು ಒತ್ತಿದೆ. ಏಳು ಪುಟಗಳಿದ್ದವು. ಏಳೂ ಎದೆಯಲ್ಲಿ ಕಾಣಿಸಿಕೊಳ್ಳುವ ಗಂಟಿನ ಬಗ್ಗೆ. ತಾಯಿಗೆ ಈ ಕ್ಯಾನ್ಸರ್ ಇದ್ದರೆ ಮಗಳಿಗೂ ಬರುತ್ತದೆಯೇ ಎಂಬುದು ಒಂದು. ನನ್ನ ಅತ್ತೆ ತೀರಿಕೊಂಡದ್ದು ಅದರಲ್ಲೇ. ಕೊನೆಯ ನಾಲ್ಕು ತಿಂಗಳು ಊರಿಗೆ ಹೋಗಿದ್ದು ಡ್ರೆಸ್ಸಿಂಗ್ ಬದಲಾಯಿಸಿದವಳು ಇವಳು.

ನನಗೇನನಿಸಿತು? ಏನೂ ಅನಿಸಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆಯ ಹಾಗೆ, ನನ್ನದೇ, ಆದರೆ ನನ್ನದಲ್ಲ. ಆ ಕಾಯಿಲೆಯ ಹೆಸರು ವಾರಕ್ಕೆ ಎರಡು ಸಲವಾದರೂ ನನ್ನ ಮೇಜಿಗೆ ಬರುತ್ತದೆ. ವಯಸ್ಸು, ಪತ್ತೆಯಾದ ತಾರೀಖು, ಡಾಕ್ಟರ ಸಹಿ ಸರಿಯಿದೆಯೇ ನೋಡಿ ಪಕ್ಕದ ಮೇಜಿಗೆ ದಾಟಿಸುತ್ತೇನೆ. ಅವಳು ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಬಂದು ಇಡ್ಲಿ ಬಡಿಸಿದಳು. ಚಟ್ನಿಗೆ ಉಪ್ಪು ಕಡಿಮೆ ಎಂದೆ. “ಹೌದೇನ್ರೀ?” ಎಂದು ಉಪ್ಪಿನ ಡಬ್ಬಿ ತಂದಿಟ್ಟಳು.

ಮಾಧವರಂನಿಂದ ಅಣ್ಣಾ ನಗರದ ನನ್ನ ಕಚೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಂದು ನನ್ನ ಫೋನಿನಲ್ಲಿ ಅದೇ ಗುಂಪು ತೆರೆದು ಓದಿದೆ. ಒಂದು ಪುಟದ ಕೆಳಗಿದ್ದ ಲಿಂಕ್ ಒತ್ತಿ ಮುಂದಿನ ಪುಟಕ್ಕೂ ಹೋದೆ. ಮರುದಿನ ಒಂಬತ್ತು ಪುಟಗಳಾಗಿದ್ದವು, ಅದರ ಮರುವಾರ ಹದಿನಾಲ್ಕು. ಅವಳು ಬೆಳಿಗ್ಗೆ ಸೇರಿಸುವಳು, ನಾನು ಬಸ್ಸಿನಲ್ಲಿ ಓದುವೆ. ಮೊದಮೊದಲು ಗಂಟು ಎಂದರೇನು ಎಂದಿದ್ದದ್ದು ಬರಬರುತ್ತ ಆಪರೇಶನ್ ಆದ ಮೇಲೆ ತೋಳು ಎತ್ತಲು ಎಷ್ಟು ದಿನ ಬೇಕು, ಕೂದಲು ಉದುರಿದರೆ ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿಗೆ ಬಂತು. ಮನೆಯಲ್ಲಿ ಇಬ್ಬರೂ ನೀರು ಬಂತೇ, ಹಾಲು ತಂದಿರಾ ಎಂದು ಮಾತಾಡಿಕೊಂಡಿದ್ದೆವು. ಅವಳಾಗಿಯೇ ಹೇಳಲಿ, ಕೆದಕುವುದು ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೇಡಿತನಕ್ಕೆ ಒಳ್ಳೆಯ ಹೆಸರು ಇಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಹದಿನೈದನೆಯ ದಿನ ನನಗೊಂದು ಉಪಾಯ ಹೊಳೆಯಿತು. ಒಂದು ಆಸ್ಪತ್ರೆಯ ಪುಟ ತೆರೆದು, ಶನಿವಾರ ಹತ್ತೂವರೆಗೆ ತಪಾಸಣೆಗೆ ಅವಳ ಹೆಸರಲ್ಲಿ ಟೋಕನ್ ಹಾಕಿ, ಆ ಪುಟವನ್ನು ಅವಳ ಗುಂಪಿಗೆ ಸೇರಿಸಿದೆ. ಬಾಯಿ ತೆರೆಯದೆಯೇ ಕೆಲಸ ಆಯಿತೆಂದು ಹೆಮ್ಮೆಯೂ ಆಯಿತು. ಸಂಜೆ ನೋಡಿದರೆ ಅದೊಂದು ಪುಟ ಇರಲಿಲ್ಲ. ಮತ್ತೆ ಸೇರಿಸಿದೆ. ಮತ್ತೆ ತೆಗೆದಳು. ಮೂರನೆಯ ಸಲ ಸೇರಿಸಿದಾಗ ಗುಂಪೇ ಮಾಯವಾಯಿತು, ಕಂಪ್ಯೂಟರಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. ಅವಳು ಪರೀಕ್ಷೆಗೆ ಹೋಗುವುದಿಲ್ಲ ಎಂದು ನಿರ್ಧರಿಸಿಬಿಟ್ಟಳೇ ಎಂದು ಆಗ ಮೊದಲ ಬಾರಿಗೆ ಹೆದರಿದೆ.

ಆ ಸಂಜೆ ಮಗಳು ಇನ್ನೂ ಬಂದಿರಲಿಲ್ಲ. ಹೆಂಡತಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ಚಪ್ಪಲಿ ಕೂಡ ಬಿಡದೆ ನಿಂತು, “ಆ ಗುಂಪು ಎಲ್ಲಿ ಹೋತು?” ಎಂದೆ. ಹದಿನಾರು ದಿನಗಳ ಮೇಲೆ ನನ್ನ ಬಾಯಿಂದ ಬಂದ ಪ್ರಶ್ನೆ ಅದು.

“ತಗದೆ,” ಎಂದಳು. “ನೀವು ಓದ್ತೀರಿ ಅಂತ ಮೊದಲನೇ ದಿನಾನೇ ಗೊತ್ತಾತು. ನಾನು ಬಿಟ್ಟಿದ್ದ ಪುಟ ಮಧ್ಯಾಹ್ನ ನೋಡಿದ್ರೆ ಮುಂದಕ್ಕ ಹೋಗಿತ್ತು. ಹಿಂಗ್ಯಾಕ ಆಗತೈತಿ ಅಂತ ಮಗಳನ್ನ ಕೇಳಿದೆ. ಯಾವ ಪುಟ ಅಂತ ಹೇಳಲಿಲ್ಲ. ಅಪ್ಪ ಒತ್ತಿರಬೇಕು, ಇಬ್ಬರದೂ ಒಂದೇ ಖಾತೆ ಅಂದ್ಲು.”

“ಮತ್ತೆ ಸುಮ್ನೆ ಇದ್ದಿ?”

“ಸುಮ್ನೆ ಎಲ್ಲಿದ್ದೆ? ಆಮೇಲೆ ಹಾಕಿದ್ವೆಲ್ಲ ನಿಮಗೇ ಹಾಕಿದ್ದು. ಬಾಯಿಲೆ ಹೇಳಾಕ ಆಗಲಿಲ್ರೀ. ಓದಿದ್ರೆ ಕೇಳ್ತೀರಿ, ಕೇಳಿದ್ರೆ ಹೇಳಿದ್ರಾತು ಅಂದ್ಕೊಂಡೆ. ನೀವು ಟೋಕನ್ ಹಾಕಿ ಕಳಿಸಿದ್ರಿ.”

ಚಪ್ಪಲಿ ಬಿಟ್ಟೆ. ಅವಳೆದುರು ನೆಲದ ಮೇಲೆ ಕೂತೆ. “ಶನಿವಾರ ಹೋಗಿ ಟೆಸ್ಟ್ ಮಾಡ್ಸೋಣ,” ಎಂದೆ.

“ಟೆಸ್ಟ್ ಆಗಿ ಎಂಟು ದಿನಾತು. ಸೂಜಿ ಹಾಕಿ ಗಂಟಿಂದು ಚೂರು ತಗದ್ರು. ಅದೇ ಐತಂತ.” ಸೊಪ್ಪಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. “ಜೊತೆಗೆ ಯಾರು ಬಂದಾರೆ ಅಂತ ಸಿಸ್ಟರ್ ಕೇಳಿದ್ಲು. ಆಫೀಸಿನಾಗ ಅದಾರೆ ಅಂದೆ. ಗಂಡನ್ನ ಕರ್ಕೊಂಡು ಬಾ, ಆಪರೇಶನ್ ದಿನ ಗೊತ್ತು ಮಾಡೋಣ ಅಂತ ಡಾಕ್ಟ್ರು ಹೇಳ್ಯಾರೆ. ಹೆಂಗ ಕರೀಲಿ? ನೀವು ಒಂದು ಮಾತು ಕೇಳಿದ್ರೇನು?”

ಅವಳು ಒಬ್ಬಳೇ ಬಸ್ಸು ಹತ್ತಿ ಹೋಗಿ, ಒಬ್ಬಳೇ ಬಂದು, ಅಂದು ರಾತ್ರಿಯ ಊಟವನ್ನೂ ಬಡಿಸಿದ್ದಳು. ಆ ದಿನ ಯಾವುದು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನನಗೆ ವ್ಯತ್ಯಾಸವೇ ಸಿಗಲಿಲ್ಲ.

“ನೋವು ಐತೇನು?” ಎಂದು ಕೇಳಿದೆ. ಇಂಥ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ ಎಂದು ನಾನು ನಾಲ್ಕಾರು ಪುಟಗಳಲ್ಲಿ ಓದಿದ್ದೆ.

“ಸೂಜಿ ಹಾಕಿದ ಕಡೆ ಐತ್ರೀ,” ಎಂದಳು. “ಎಂಟು ದಿನದಿಂದ ಆ ಮಗ್ಗುಲಿಗೆ ಮಲಗಾಕ ಆಗವಲ್ದು.” ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ದಿನದಿಂದ ಹೇಳಲು ಶುರುಮಾಡಿದಳು.