ಹಿಮದಲ್ಲಿ ಸಿಕ್ಕಿದವರೂ ನನ್ನ ಮಧ್ಯಾಹ್ನದ ಊಟವೂ

ಅಳವಂಡಿಯಿಂದ ಅಕ್ಕ ಬಂದಳೆಂದರೆ ಗಂಗಾವತಿಯ ನಮ್ಮ ಮನೆಯ ಆಡಳಿತ ತಾನಾಗಿಯೇ ಅವಳ ಕೈಗೆ ಹೋಗುತ್ತದೆ. ಅವಳ ರಾಜ್ಯದಲ್ಲಿ ಕಾಯ್ದೆ ಒಂದೇ: ಹಸಿದವರ ಎದುರಿಗೆ ಉಣ್ಣಕೂಡದು. ಬಸ್ಸಿನಲ್ಲಿ ಬುತ್ತಿ ಬಿಚ್ಚಿದರೂ ಪಕ್ಕದ ಸೀಟಿನವರಿಗೆ ರೊಟ್ಟಿ ಕೊಟ್ಟೇ ಅವಳು ತುತ್ತು ಮುರಿಯುವವಳು. ಈ ಕಾಯ್ದೆ ಟಿವಿಗೂ ಅನ್ವಯಿಸುತ್ತದೆಂದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯ ಒಂದು ಭಾನುವಾರ.

ವಿಮಾನ ಬಿದ್ದು ಹಿಮದ ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡ ಏಳು ಜನರ ಸಿನಿಮಾ ನಡೆದಿತ್ತು. ನಾನು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟಕ್ಕೆ ಕುಳಿತಿದ್ದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಟ್ಟೆಗೆ ಬಂದಿದ್ದವು. ಅಕ್ಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ಆ ಮಂದಿ ಮೂರು ದಿನದಿಂದ ಉಪಾಸ ಅದಾರ. ನಿನಗ ಗಂಟಲದಾಗ ಹೆಂಗ ಇಳೀತೈತಿ?”

“ಅವರು ಪಾರ್ಟ್ ಮಾಡೋರು ಯಕ್ಕಾ. ಉಂಡ ಬಂದಿರ್ತಾರ.”

“ಉಂಡವರ ಮಾರಿ ಹಂಗಿರ್ತೈತೇನು?”

“ಟಿವಿ ಬಂದ್ ಮಾಡಿದ್ರಾತು.”

“ಅವರನ್ನ ಅಲ್ಲೇ ಬಿಟ್ಟು?”

ಹೆಂಡತಿ ನಡುವೆ ಬಂದಳು. “ಇವರು ಗುಳಿಗಿ ನುಂಗಿ ಅರ್ಧ ತಾಸಾತ್ರಿ ಅಕ್ಕಾರ, ಇನ್ನ ತಡಾ ಮಾಡಿದ್ರ ಸಕ್ಕರಿ ಇಳೀತೈತಿ. ಟಿವಿ ಮುಂದ ಒಂದು ಎಡಿ ಇಟ್ಟು ಉಣ್ಣೂಣು.”

“ಎಡಿ ಇಡೋದು ಸತ್ತ ಹಿರೇರಿಗೆ. ಇವರಿನ್ನೂ ಜೀವಂತ ಅದಾರ.”

ಅಂತೂ ಗಡ್ಡದವನೊಬ್ಬ ಮಂಜುಗಡ್ಡೆ ಒಡೆದು ಮೀನು ಹಿಡಿದು ಎಲ್ಲರಿಗೂ ಹಂಚಿದ. ಜನ್ಮದಲ್ಲಿ ತತ್ತಿ ಮುಟ್ಟದ ಅಕ್ಕ ಹಸಿ ಮೀನನ್ನು ಕಣ್ಣು ಮಿಟುಕಿಸದೆ ಮಂಜೂರು ಮಾಡಿದಳು: “ಆಪತ್ತಿನ್ಯಾಗ ನಡೀತೈತಿ.” ತಟ್ಟೆ ಈ ಕಡೆ ಸರಿಯಿತು. ನಾನು ರೊಟ್ಟಿ ಮುರಿದೆ.

“ತಡಿ,” ಎಂದಳು.

ಮುದುಕನೊಬ್ಬ ತನ್ನ ಪಾಲನ್ನು ಪಕ್ಕದ ಹುಡುಗಿಗೆ ಕೊಟ್ಟು ತಾನು ತಿನ್ನದೆ ಕುಳಿತುಬಿಟ್ಟಿದ್ದ. ಆ ಸಜ್ಜನನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ಖಳನಾಯಕನ ಮೇಲೂ ಬಂದಿಲ್ಲ.

“ನೀನೂ ತಿನ್ನೋ ಯಪ್ಪಾ,” ಅಕ್ಕ ಟಿವಿಗೆ ಹೇಳಿದಳು. “ನಿನ್ನ ಸಲುವಾಗಿ ನನ್ನ ತಮ್ಮ ಉಪಾಸ ಕುಂತಾನ.”

ಹುಡುಗಿ ಒಂದು ಚೂರು ಅವನ ಬಾಯಿಗಿಟ್ಟಳು. ಅವನು ಅಗಿದ. ನಾನೂ ಅಗಿದೆ. ಅಕ್ಕ ನನ್ನ ಎರಡನೇ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ರಿಮೋಟ್ ಹುಡುಕಿ ಟಿವಿ ಬಂದ್ ಮಾಡಿದಳು.

“ಮುಂದ ಏನಾಕ್ಕೈತಿ ನೋಡೂದಿಲ್ಲೇನ್ರಿ?” ಹೆಂಡತಿ ಕೇಳಿದಳು.

“ಉಂಡಾರಲ್ಲ. ಇನ್ನ ಮನಿ ಮುಟ್ಟತಾರ ಬಿಡು.”

ಮುಟ್ಟಿದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಮತ್ತೊಂದು ಬದನೆಕಾಯಿ ಹಾಕಿಸಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.