ಸುಮಂಗಲಾಳ ಉದ್ದನೆಯ ಪೂಜೆ

ಬಿ.ಪಿ. ಇಳಿಯಬೇಕಾದರೆ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂಡಬೇಕೆಂದು ಡಾಕ್ಟರು ಹೇಳಿದ್ದೇನೋ ಸರಿ. ಆದರೆ ನಿಜಲಿಂಗಪ್ಪ ಬಡಾವಣೆಯ ಆ ತುಂಬಿದ ಮನೆಯಲ್ಲಿ ಹಿರಿಸೊಸೆ ಕೂಡುವುದಾದರೂ ಎಲ್ಲಿ? ಸುಮಂಗಲಾ ಕೊಂಡಜ್ಜಿ ಎಂಬ ಹಳ್ಳಿಯವಳು, ಮದುವೆಗೆ ಮುಂಚೆ ಕೆರೆ ದಂಡೆಯ ಮೇಲೆ ಸಂಜೆಯೆಲ್ಲ ಒಬ್ಬಳೇ ಕೂತಿರುತ್ತಿದ್ದಳು. ಇಲ್ಲಿ ಕೋಣೆಯಲ್ಲಿ ಕೂತರೆ ಗಂಡನಿಗೆ ಟವೆಲ್ ಸಿಗುವುದಿಲ್ಲ. ಮಹಡಿ ಹತ್ತಿದರೆ, ಒಗ್ಗರಣೆ ಮಂಡಕ್ಕಿ ಆಯಿತೇ ಎಂದು ಮೈದುನ ಕೆಳಗಿನಿಂದ ಕೂಗುತ್ತಾನೆ.

ಯಾರೂ ಕರೆಯದ ಹೊತ್ತು ಒಂದೇ ಇತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತವರನ್ನು ಆ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಅವರೂ ಮಾತಾಡುವಂತಿಲ್ಲ. ಸುಮಂಗಲಾ ಪೂಜೆಯನ್ನೇ ಉದ್ದ ಮಾಡಿದಳು. ಲಿಂಗವನ್ನೇ ದಿಟ್ಟಿಸಬೇಕೆಂಬ ಪದ್ಧತಿ ಬಿಟ್ಟು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡಿದಳು. ಕೆಲವು ದಿನ ಹಾಯಾಗಿತ್ತು. ಬಿ.ಪಿ.ಯೂ ಇಳಿಯಿತು.

ಅತ್ತೆ ನಿರ್ಮಲಮ್ಮನಿಗೆ ಹಿಗ್ಗೋ ಹಿಗ್ಗು. ಸೊಸೆ ಮೈಮರೆತು ಶಿವನಲ್ಲಿ ಲೀನವಾಗುತ್ತಾಳೆಂದು ಓಣಿಯ ತುಂಬ ಹೇಳಿಕೊಂಡು ಬಂದರು.

ಸೋಮವಾರ ಬೆಳಿಗ್ಗೆ ಯಾವುದೋ ಸೀರೆಯ ಸದ್ದಿಗೆ ಸುಮಂಗಲಾ ಕಣ್ಣು ಬಿಟ್ಟಳು. ಎದುರಿಗೆ ಓಣಿಯ ಹೆಂಗಸರು ಚಾಪೆ ತುಂಬ ಕೂತು ಅವಳ ಮುಖವನ್ನೇ ನೋಡುತ್ತಿದ್ದರು.

"ನೋಡ್ಕೊಳ್ರಿ, ಹೆಂಗೆ ಕೂಡ್ತಾಳೆ ಅಂತ," ಅತ್ತೆ ಅವರಿಗೆ ಮೆಲ್ಲಗೆ ಹೇಳುತ್ತಿದ್ದರು. "ದಿನಾ ಬರ್ರಿ, ಎಲ್ರಿಗೂ ಈಕಿನೇ ಕಲಿಸ್ತಾಳೆ."

ಸುಮಂಗಲಾಳ ಕಿವಿಯಲ್ಲಿ ರಕ್ತ ದಬದಬ ಬಡಿಯತೊಡಗಿತು. ಇದು ಡಾಕ್ಟರು ಹೇಳಿದ್ದು ಅತ್ತೀ, ಎನ್ನಲು ಬಾಯಿ ತೆರೆದಳು.

ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಲಿಂಗ ಕೈಯಾಗೈತೆ. ಮಾತಾಡಬ್ಯಾಡವ್ವಾ."