ಅರ್ಧ ಅಡಿ ಕೆಳಗಿಳಿದ ಗ್ಯಾರೇಜು

ಬಾಗಿಲಿಗೆ ತಲೆ ಬಡಿದಾಗ ನಾವೆಲ್ಲ ಬಾಗಿಲನ್ನೇ ಬೈಯುತ್ತೇವೆ. ಕಾಲ ಕೆಳಗಿನ ನೆಲವನ್ನು ಯಾರೂ ಅನುಮಾನಿಸುವುದಿಲ್ಲ. ನಾನೂ ಅನುಮಾನಿಸಿರಲಿಲ್ಲ, ನನ್ನ ಹೆಂಡತಿ ವ್ಯಾನು ತರುವವರೆಗೆ.

ಜಯ ಚನ್ನಪಟ್ಟಣದಲ್ಲಿ ಅಡುಗೆ ಕಂಟ್ರಾಕ್ಟು ಮಾಡುವವಳು. ಅಕ್ಕೂರಿನ ಮದುವೆಯಿರಲಿ, ಕಲ್ಯದ ಗೃಹಪ್ರವೇಶವಿರಲಿ, ಬಾಡಿಗೆ ಗಾಡಿಯವನ ದಾರಿ ಕಾಯಬೇಕಿತ್ತು. ಸಾಕಾಗಿ, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಕೊಪ್ಪರಿಗೆಗಳನ್ನು ಒಂದರ ಮೇಲೊಂದು ಪೇರಿಸಬಹುದಾದ ಎತ್ತರದ ಹಳೆಯ ವ್ಯಾನೊಂದನ್ನು ಕೊಂಡಳು. ಹಾರ್ನ್ ಹೊಡೆಯಲೂ ಅಂಜುವ ಗಂಡ ನಾನು. ಪಕ್ಕದ ಸೀಟಿನಲ್ಲಿ ತುಪ್ಪದ ಡಬ್ಬಿ ತಬ್ಬಿಕೊಂಡು ಕೂರುವುದು ನನ್ನ ಹುದ್ದೆ.

ವ್ಯಾನು ಮನೆಗೆ ಬಂತು, ಗ್ಯಾರೇಜಿಗೆ ಬರಲಿಲ್ಲ. ಅದರ ನೆತ್ತಿ ಬಾಗಿಲ ಮೇಲಿನ ತೊಲೆಗೆ ತಗುಲುತ್ತಿತ್ತು. ತೊಲೆ ಎತ್ತೋಣವೆಂದರೆ ಅದರ ಮೇಲೆ ಬಾಡಿಗೆಯವರ ಸಂಸಾರವೇ ಇದೆ. ಬೀದಿಯಲ್ಲಿ ನಿಲ್ಲಿಸಿದರೆ ಹಾಲಿನ ಟೆಂಪೋ ದಾಟುವುದಿಲ್ಲ. ಎದುರು ಮನೆಯ ಪುಟ್ಟಸ್ವಾಮಿ, ನನ್ನ ಬಾಲ್ಯದ ಗೆಳೆಯ, ಬೀದಿಯವರೆಲ್ಲರ ಪರವಾಗಿ ಬಂದು ಹೇಳಿಯೇಬಿಟ್ಟ: “ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಒಳೀಕಾದ್ರೂ ನಿಲ್ಸು, ಇಲ್ಲಾ ಮಾರ್ಬುಡು.”

ನಾನು ದಿನಾ ಟೈರಿನ ಗಾಳಿ ತೆಗೆದು ಒಳಗೆ ತಳ್ಳುವ ಯೋಜನೆ ಮಂಡಿಸಿದೆ. ಜಯ ಗ್ಯಾರೇಜಿನ ನೆಲದ ಮೇಲೆ ಕುಳಿತು, ಕಾಂಕ್ರೀಟನ್ನು ಅಂಗೈಯಿಂದ ತಟ್ಟಿ, “ಮ್ಯಾಲೆ ಎತ್ತಕ್ಕಾಗಾಕಿಲ್ಲ ಅಂದ್ರೆ ಕೆಳೀಕೆ ಇಳ್ಸಾನ ಕಣ್ರೀ,” ಎಂದಳು.

ಮೇಸ್ತ್ರಿ ಶಿವಣ್ಣ ಬಂದು ನೋಡಿದ. ಪಾಯ ಆಳವಾಗಿತ್ತು; ನೆಲ ರಸ್ತೆಗಿಂತ ಸಾಕಷ್ಟು ಎತ್ತರದಲ್ಲಿದ್ದುದರಿಂದ ಅರ್ಧ ಅಡಿ ಇಳಿಸಿದರೂ ಮಳೆನೀರು ಒಳಗೆ ಬರುವ ಭಯವಿರಲಿಲ್ಲ. ಮರುದಿನವೇ ಒಡೆಯುವ ಯಂತ್ರ ಗುಡುಗಿತು. ಮಹಡಿಯ ಮನೆಯಲ್ಲಿ ತಟ್ಟೆಲೋಟಗಳು ಕುಣಿದವು. ಪುಟ್ಟಸ್ವಾಮಿ ಇಣುಕಿ, “ಏನ್ಲಾ, ಮನೆ ಒಳ್ಗೇ ಬಾವಿ ತೋಡ್ತಿದ್ದೀಯಾ?” ಎಂದ. ಬುಟ್ಟಿಗಟ್ಟಲೆ ಚೂರು ಹೊತ್ತು ಸೊಂಟ ಹಿಡಿದಿದ್ದ ನಾನು ಅವನ ಕೈಗೂ ಒಂದು ಬುಟ್ಟಿ ಕೊಟ್ಟೆ.

ಅಗೆಯುವುದು ಸುಲಭ, ಸಮ ಮಾಡುವುದೇ ಕಷ್ಟ. ನೀರು ತುಂಬಿದ ಪೈಪು ಹಿಡಿದು ಗೋಡೆಯ ಸುತ್ತ ಒಂದೇ ಮಟ್ಟದಲ್ಲಿ ಗುರುತು ಹಾಕಿದೆವು. ಮಣ್ಣನ್ನು ಬಡಿದು ದಮ್ಮಸ್ಸು ಮಾಡಿ ಹೊಸ ಕಾಂಕ್ರೀಟು ಸುರಿದು, ಶಿವಣ್ಣ ಉದ್ದನೆಯ ಪಟ್ಟಿಯಿಂದ ಎಳೆದು ಸಮ ಮಾಡಿದ. ಜಯ ಮಂಡಿಯೂರಿ, ಪಟ್ಟಿಯ ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ನೋಡಿದಳು. ಒಂದು ಮೂಲೆಯಲ್ಲಿ ನುಸುಳಿತು.

“ಒಸಿ ತಾನೆ ಅಕ್ಕಾ, ಬುಡಿ,” ಎಂದ ಶಿವಣ್ಣ.

“ಒಸಿ ಉಪ್ಪು ಹೆಚ್ಚಾದ್ರೆ ಊಟಕ್ಕೆ ಕೂತೋರು ಬುಡ್ತಾರಾ ಶಿವಣ್ಣ?”

ಅವನು ನಕ್ಕು ಇನ್ನೊಂದು ಬುಟ್ಟಿ ಕಾಂಕ್ರೀಟು ತರಿಸಿದ.

ನೆಲ ಗಟ್ಟಿಯಾಗುವವರೆಗೆ ನೀರುಣಿಸುವ ಕೆಲಸ ನನ್ನದಾಯಿತು. ಕೊನೆಗೆ ವ್ಯಾನು ಒಳಗೆ ತರುವ ದಿನ ಇಡೀ ಬೀದಿ ಹೊರಗೆ ನಿಂತಿತ್ತು. ಜಯ ಸ್ಟಿಯರಿಂಗ್ ಹಿಡಿದು ನಿಧಾನವಾಗಿ ಒಳಗೆ ಬಿಟ್ಟಳು. ಬಾಗಿಲ ಬಳಿ ನಿಂತಿದ್ದ ನಾನು ಕಣ್ಣು ಮುಚ್ಚಿದೆ. ಸದ್ದೇ ಇಲ್ಲ. ಕಣ್ಣು ತೆರೆದರೆ, ತೊಲೆಗೂ ವ್ಯಾನಿಗೂ ನಡುವೆ ಬೆರಳು ತೂರುವಷ್ಟು ಜಾಗ! ಶಿಳ್ಳೆ ಹೊಡೆದವರಲ್ಲಿ ಪುಟ್ಟಸ್ವಾಮಿಯೇ ಮೊದಲು.

ಲೋಕದಲ್ಲಿ ಮೇಲೇರಿದವರಿಗೆ ಮಾತ್ರ ಹಾರ ಹಾಕುತ್ತಾರೆ. ಕೆಳಗಿಳಿದು ಗೆದ್ದವರಿಗೂ ಒಂದು ಹಾರ ಸಲ್ಲಬೇಕು ಅನ್ನಿಸಿತು. ಅಂಗಡಿಗೆ ಓಡಿ ಸೇವಂತಿಗೆ ಹಾರ ತಂದೆ. ವ್ಯಾನಿನಿಂದ ಇಳಿದು ನಿಂತಿದ್ದ ಜಯ, ಹಾರವನ್ನೂ ನನ್ನನ್ನೂ ನೋಡಿ, ಹೊಸ್ತಿಲಲ್ಲೇ ತಡೆದಳು.

“ಅಲ್ಲೇ ನಿಂತ್ಕಳಿ. ಮೊದ್ಲು ಕಾಲೊರೆಸ್ಕಳಿ, ನೆಲ ಹೊಸ್ದು.”